ಐಡಲ್‌ನಲ್ಲಿ ನಡುಕ, ಕೆಳಗೆ ಆಯಿಲ್: ಮೊದಲು ಮೇಲೆ ನೋಡಿ

ಹಳೇ ಪೆಟ್ರೋಲ್ ಕಾರು ಐಡಲ್‌ನಲ್ಲಿ, ಅಂದರೆ ಎಂಜಿನ್ ಆನ್ ಇದ್ದು ಆಕ್ಸಿಲರೇಟರ್ ಒತ್ತದೆ ನಿಂತಾಗ, ನಡುಗುತ್ತದೆ, ಎಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತದೆ, ಮೆಕ್ಯಾನಿಕ್ ನೋಡಿದರೆ ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕ್ ಸೀಲ್ (ಎಂಜಿನ್‌ನ ಮುಖ್ಯ ತಿರುಗುವ ದಂಡದ ತುದಿಯಲ್ಲಿ ಆಯಿಲ್ ತಡೆಯುವ ರಿಂಗ್) ಬದಲಾಯಿಸೋಣ ಅಂತಿದ್ದಾರೆ ಅಂದಿರಲ್ಲ, ಸ್ವಲ್ಪ ತಡೀರಿ. ಅದು ದೊಡ್ಡ ಕೆಲಸ. ಆಯಿಲ್ ಮೇಲಿಂದ ಇಳಿದು ಬಂದಿರಬಹುದು, ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಬೇಕಿಲ್ಲ.

ಎಂಜಿನ್ ತಣ್ಣಗಿರುವಾಗ ಒಂದೊಂದೇ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ ಮೇಲೆ ಕೂತು ಕಿಡಿಗೆ ಕರೆಂಟ್ ಕೊಡುವ ಭಾಗ) ತೆಗೆದು, ಸ್ಪಾರ್ಕ್ ಪ್ಲಗ್ ಕೂತಿರುವ ಗುಂಡಿಯೊಳಗೆ ಟಾರ್ಚ್ ಬಿಡಿ. ಆಯಿಲ್ ನಿಂತಿದೆಯಾ? ಹಾಗಾದರೆ ಆ ಗುಂಡಿಗೆ ಆಯಿಲ್ ಬರದಂತೆ ತಡೆಯುವ ಪ್ಲಗ್ ಟ್ಯೂಬ್ ಸೀಲ್ ಹೋಗಿದೆ, ಎಂಜಿನ್‌ನ ಮೇಲಿನ ಮುಚ್ಚಳದ ಅಂಚಿನ ಸೀಲ್, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್ಟೂ ಹೋಗಿರಬಹುದು. ಕಾಯಿಲ್‌ನ ರಬ್ಬರ್ ಆಯಿಲ್‌ನಲ್ಲಿ ನೆನೆದು ಹಾಳಾದರೆ ಕಿಡಿ ಪ್ಲಗ್‌ಗೆ ಹೋಗುವ ಬದಲು ಪಕ್ಕಕ್ಕೆ ಹಾರುತ್ತದೆ, ಆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್ ಹೊಡೆಯುತ್ತದೆ. ನಡುಕ ಅಲ್ಲಿಂದಲೇ ಇರಬಹುದು.

ಗುಂಡಿ ಒಣಗಿದ್ದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹಬೆ, ಅನಿಲವನ್ನು ಹೊರಗೆಳೆಯುವ ಸಣ್ಣ ವಾಲ್ವ್) ನೋಡಿ. ಇದನ್ನು ಯಾರೂ ಮುಟ್ಟೋದೇ ಇಲ್ಲ! ಅದು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಪೆಟ್ಟಿಗೆ) ಒಳಗೆ ಒತ್ತಡ ಏರಿ, ಇನ್ನೂ ಸ್ವಲ್ಪ ಜೀವ ಇರುವ ಸೀಲ್‌ಗಳಿಂದಲೂ ಆಯಿಲ್ ಹೊರಗೆ ಬರುತ್ತದೆ. ಅದರ ಪೈಪ್ ಬಿರುಕು ಬಿಟ್ಟಿದ್ದರೆ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ ಒಳಗೆ ನುಗ್ಗಿ ಐಡಲ್ ಏರುಪೇರಾಗುತ್ತದೆ. ಬುಸ್ ಅನ್ನೋ ಸದ್ದು ಕೇಳಬಹುದು. ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನೂ ಒಮ್ಮೆ ಕ್ಲೀನ್ ಮಾಡಿಸಿ.

ಆಮೇಲೆ ಎಂಜಿನ್ ಒರೆಸಿ, ಎರಡು ದಿನ ಓಡಿಸಿ, ಆಯಿಲ್ ಎಲ್ಲಿಂದ ಶುರುವಾಗಿದೆ ಅಂತ ಮತ್ತೆ ಮೇಲಿಂದ ಕೆಳಗೆ ನೋಡುತ್ತಾ ಬನ್ನಿ. ಆಯಿಲ್ ಸೈಲೆನ್ಸರ್ ಪೈಪ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ ಮಾತ್ರ ಸುಮ್ನೆ ಓಡಿಸಬೇಡಿ, ಬೆಂಕಿ ಹತ್ತಬಹುದು.