ಗೇಮ್ ಪ್ರಾಜೆಕ್ಟ್ ಮಾಡ್ಬೇಕು, ಯಾವುದು ತಗೊಳ್ಳೋದು?

ಪ್ರಶ್ನೆ: ನಾವು ನಾಲ್ಕು ಜನ, ಬಿಇ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಪ್ರಾಜೆಕ್ಟಿಗೆ ವಿಡಿಯೋ ಗೇಮ್ ಮಾಡ್ತೀವಿ ಅಂತ ಗೈಡ್ ಹತ್ರ ಒಪ್ಪಿಗೆ ತಗೊಂಡಾಯ್ತು. ಬೆಂಗಳೂರು ಟ್ರಾಫಿಕ್ಕಲ್ಲಿ ಗಾಡಿ ಓಡಿಸೋ, ಎಲ್ಲಿ ಬೇಕಾದ್ರೂ ಸುತ್ತಬಹುದಾದ ಓಪನ್ ವರ್ಲ್ಡ್ ಗೇಮ್ ಮಾಡೋಣ ಅಂತ ಇಬ್ಬರಿಗೆ ಆಸೆ, ಇನ್ನಿಬ್ಬರಿಗೆ ಭಯ. ಇರೋದು ಐದು ತಿಂಗಳು, ಎಲ್ಲರದ್ದೂ 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪು. ಏನು ಮಾಡೋದು, ಗೇಮ್ ಕಟ್ಟೋಕೆ ಯಾವ ಎಂಜಿನ್ (ಸಾಫ್ಟ್‌ವೇರ್) ಒಳ್ಳೇದು?
ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಭಯ ಬಿದ್ದಿರೋ ಇಬ್ಬರ ಮಾತು ಕೇಳಿ ಅಂತ ಮೊದಲೇ ಹೇಳ್ಬಿಡ್ತೀನಿ. ಐದು ತಿಂಗಳು ಅಂತೀರಿ, ಅದರಲ್ಲಿ ಇಂಟರ್ನಲ್ಸ್, ಪ್ಲೇಸ್‌ಮೆಂಟು, ರಿಪೋರ್ಟ್ ಬರೆಯೋದು, ಊರಿನ ಹಬ್ಬ ಎಲ್ಲಾ ಕಳೆದ್ರೆ ಕೈಗೆ ಉಳಿಯೋದು ಎರಡು ತಿಂಗಳು. ಒಂದು ರಸ್ತೆ ಮಾಡ್ಬೇಕು ಅಂದ್ರೂ ಕಟ್ಟಡ, ಸಿಗ್ನಲ್ಲು, ತಾನಾಗೇ ಓಡೋ ಬಸ್ಸು ಆಟೋ, ಅವು ಒಂದಕ್ಕೊಂದು ಗುದ್ದದೇ ಇರೋ ಹಾಗೆ ನೋಡ್ಕೊಳ್ಳೋ ಕೋಡು, ಇಷ್ಟೂ ಬೇಕು. ಹೆಚ್ಚಿನ ಟೈಮೆಲ್ಲ ಇವುಗಳ 3ಡಿ ಮಾಡೆಲ್ ಹುಡುಕೋದ್ರಲ್ಲೇ ಹೋಗತ್ತೆ. ನಾನು ಓದುವಾಗ ನಮ್ಮ ಟೀಮೂ ಇಂಥದ್ದೇ ದೊಡ್ಡ ಗೇಮಿಗೆ ಕೈ ಹಾಕಿತ್ತು, ಡೆಮೋ ದಿನ ಮೆನು ಚೆನ್ನಾಗಿತ್ತು, ಮ್ಯಾಪ್ ಚೆನ್ನಾಗಿತ್ತು, ಆಡೋಕೆ ಏನೂ ಇರಲಿಲ್ಲ. ನಾಲ್ಕು ಜನರ ಒಂದು ವರ್ಷದ ದುಡಿಮೆ, ಆ ಬೇಜಾರು ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಚಿಕ್ಕದು ಅಂದ್ರೆ ಸಪ್ಪೆ ಅಂತಲ್ಲ. ಅಮೆರಿಕದ ಡಿಜಿಪೆನ್ ಅನ್ನೋ ಕಾಲೇಜಲ್ಲಿ ಕೆಲವು ವಿದ್ಯಾರ್ಥಿಗಳು 2005ರಲ್ಲಿ ನಾರ್ಬ್ಯಾಕ್ಯುಲರ್ ಡ್ರಾಪ್ ಅಂತ ಪುಟ್ಟ ಗೇಮ್ ಮಾಡಿದ್ರು. ಅದರಲ್ಲಿ ಇದ್ದಿದ್ದು ಒಂದೇ ಐಡಿಯಾ, ಗೋಡೆ ಮೇಲೆ ಎರಡು ಬಾಗಿಲು ತೆರೆದು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಬರೋದು. ವಾಲ್ವ್ ಕಂಪನಿ ಆ ಟೀಮನ್ನೇ ಕೆಲಸಕ್ಕೆ ತಗೊಳ್ತು, ಅದೇ ಐಡಿಯಾ 2007ರಲ್ಲಿ ಪೋರ್ಟಲ್ ಅನ್ನೋ ಗೇಮ್ ಆಗಿ ಬಂತು. ನಿಮಗೂ ಅಂಥ ಒಂದೇ ಒಂದು ವಿಷಯ ಬೇಕು, ಎರಡನೇ ವಾರಕ್ಕೇ ಯಾರಾದ್ರೂ ಕೂತು ಆಡೋ ಹಾಗಿರ್ಬೇಕು, ಬಣ್ಣ ಸೌಂಡು ಇಲ್ದಿದ್ರೂ ಪರವಾಗಿಲ್ಲ.

ನನ್ನನ್ನ ಕೇಳಿದ್ರೆ ಹುಲಿ-ಕುರಿ ಆಟ ತಗೊಳ್ಳಿ. ಹಳೇ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಗೀಚಿರೋ ತ್ರಿಕೋನದ ಮನೆ ನೋಡಿರ್ತೀರಿ, ಅದೇ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ, ಊರಿಂದೂರಿಗೆ ಲೆಕ್ಕ ಸ್ವಲ್ಪ ಬದಲಾಗತ್ತೆ. ಕುರಿಗಳು ಒಂದೊಂದೇ ಮನೆಗೆ ಇಳೀತವೆ, ಎಲ್ಲಾ ಇಳಿಯೋ ತನಕ ಜರುಗೋ ಹಾಗಿಲ್ಲ. ಹುಲಿ ಪಕ್ಕದ ಕುರಿ ಮೇಲೆ ನೆಟ್ಟಗೆ ಹಾರಿ ಖಾಲಿ ಮನೇಲಿ ಕೂತ್ರೆ ಆ ಕುರಿ ಹೋಯ್ತು. ಹುಲಿಗಳು ಅಲ್ಲಾಡದ ಹಾಗೆ ಸುತ್ತುಗಟ್ಟಿದ್ರೆ ಕುರಿ ಗೆದ್ದಂಗೆ.

ಇದರಲ್ಲಿ ಕಂಪ್ಯೂಟರ್ ಸೈನ್ಸ್ ಎಷ್ಟಿದೆ ನೋಡಿ. ಮನೆ ಚೌಕಾಕಾರ ಅಲ್ಲ, ಹಾಗಾಗಿ ಸಾಲು-ಕಂಬದ ಅರೇ ಸರಿಹೊಂದಲ್ಲ, ಗ್ರಾಫ್ ಬೇಕು, ಯಾವ ಬಿಂದುವಿಂದ ಎಲ್ಲಿಗೆ ಗೆರೆ ಇದೆ, ಎಲ್ಲಿಂದ ಎಲ್ಲಿಗೆ ಹಾರಬಹುದು ಅಂತ ಎರಡು ಪಟ್ಟಿ ಇಟ್ಕೋಬೇಕು. ಕಂಪ್ಯೂಟರ್ ಹುಲಿ ಆಡ್ಬೇಕಾದ್ರೆ ಮಿನಿಮ್ಯಾಕ್ಸ್, ಅಂದ್ರೆ ಎದುರಾಳಿ ತನಗೆ ಒಳ್ಳೇ ನಡೆನೇ ಆಡ್ತಾನೆ ಅಂತ ಇಟ್ಕೊಂಡು ಮುಂದಿನ ನಡೆಗಳನ್ನ ಲೆಕ್ಕ ಹಾಕೋದು, ಅದು ನಿಧಾನ ಆದ್ರೆ ಆಲ್ಫಾ-ಬೀಟಾ ಪ್ರೂನಿಂಗು, ಅಂದ್ರೆ ನೋಡಿ ಪ್ರಯೋಜನ ಇಲ್ಲದ ನಡೆಗಳನ್ನ ಬಿಟ್ಟು ಮುಂದೆ ಹೋಗೋದು. ತಿಂದ ಕುರಿ ಎಷ್ಟು, ಹುಲಿಗೆ ಇನ್ನೆಷ್ಟು ನಡೆ ಉಳಿದಿದೆ ಅಂತ ಅಂಕ ಕೊಡೋ ಫಂಕ್ಷನ್ ನೀವೇ ಯೋಚಿಸ್ಬೇಕು, ಗಮ್ಮತ್ತು ಇರೋದೇ ಅಲ್ಲಿ. ಆಮೇಲೆ ಕಂಪ್ಯೂಟರಿಗೆ ಕಂಪ್ಯೂಟರನ್ನೇ ಎದುರು ಕೂರಿಸಿ ಸಾವಿರ ಆಟ ಆಡಿಸಿ, ಮೂರು ನಡೆ ಮುಂದೆ ಯೋಚಿಸೋ ಹುಲಿ ಎಷ್ಟು ಗೆಲ್ಲತ್ತೆ, ಐದು ನಡೆ ಯೋಚಿಸಿದ್ರೆ ಎಷ್ಟು, ಕುರಿ ಕಡೆ ಜಾಸ್ತಿ ಬುದ್ಧಿ ಕೊಟ್ರೆ ಏನಾಗತ್ತೆ ಅಂತ ಬರೆದಿಟ್ಕೊಳ್ಳಿ, ರಿಪೋರ್ಟಿನ ರಿಸಲ್ಟ್ಸ್ ಚಾಪ್ಟರ್ ಅದೇ ಆಗತ್ತೆ, ವೈವಾದಲ್ಲಿ ಅಲ್ಗಾರಿದಮ್ ಏನಪ್ಪಾ ಅಂತ ಕೇಳಿದ್ರೆ ತಡಬಡಾಯಿಸೋ ಪ್ರಶ್ನೇನೇ ಬರಲ್ಲ. ನಿಯಮಗಳನ್ನ ಮಾತ್ರ ಇಂಟರ್ನೆಟ್ಟಲ್ಲಿ ಹುಡುಕೋ ಮೊದಲು ಮನೇಲಿ ಅಜ್ಜ ಅಜ್ಜಿ ಹತ್ರ ಕೂತು ಆಡಿ. ಮೈಸೂರಿಗೆ ಹೋದ್ರೆ ಜಗನ್ಮೋಹನ ಅರಮನೇಲಿ ಗೋಡೆ ಮೇಲಿನ ಆಟದ ಮನೆಗಳನ್ನ ನೋಡಿ ಬನ್ನಿ, ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟಗಳ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ಗೊತ್ತಾಗತ್ತೆ. ಹುಲಿ-ಕುರಿ ಬೇಡ ಅನ್ನಿಸಿದ್ರೆ ಅಳಗುಳಿ ಮನೆ ಇದೆ, ಚೌಕಾಬಾರ ಇದೆ. ಚೌಕಾಬಾರದಲ್ಲಿ ಕವಡೆಯ ಅದೃಷ್ಟ ಸೇರ್ಕೊಳ್ಳೋದ್ರಿಂದ ಲೆಕ್ಕ ಇನ್ನೊಂದು ಥರ ಆಗತ್ತೆ, ಅಷ್ಟೇ.

ಎಂಜಿನ್ನಿಗೆ ಗೊಡೋ ಸಾಕು. ದುಡ್ಡು ಕೊಡ್ಬೇಕಿಲ್ಲ, ಯಾರು ಹೇಗೆ ಬೇಕಾದ್ರೂ ಬಳಸೋಕೆ ಬಿಡೋ ಎಂಐಟಿ ಲೈಸೆನ್ಸು, ಝಿಪ್ ಬಿಚ್ಚಿದ್ರೆ ಓಡತ್ತೆ, ಪ್ರಾಜೆಕ್ಟ್ ಶುರು ಮಾಡುವಾಗ ಚಿತ್ರ ಮೂಡಿಸೋಕೆ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸ್ಕೊಂಡ್ರೆ ನಿಮ್ಮ ಲ್ಯಾಪ್‌ಟಾಪಿಗೂ ಹಗುರ. ಸೀನ್ ಫೈಲೆಲ್ಲ ಬರೀ ಟೆಕ್ಸ್ಟ್ ಆಗಿರೋದ್ರಿಂದ ನಾಲ್ಕು ಜನ ಗಿಟ್ಟಲ್ಲಿ (ಎಲ್ಲರ ಬದಲಾವಣೆ ಕೂಡಿಸಿಡೋ ಟೂಲು) ಸೇರಿ ಕೆಲಸ ಮಾಡೋದೂ ಸುಲಭ. ಇನ್ನೊಂದು ಕಾರಣ ನನಗೆ ತುಂಬಾ ಮುಖ್ಯ. ಯೂನಿಟಿ ಅನ್ನೋ ಇನ್ನೊಂದು ಎಂಜಿನ್ನಲ್ಲಿ ಅಕ್ಷರ ತೋರಿಸೋ ಟೆಕ್ಸ್ಟ್‌ಮೆಶ್‌ಪ್ರೋದಲ್ಲಿ ಕನ್ನಡ ಹಾಕಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳತ್ತೆ, ಗೊಡೋ 4ರಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ನೋಡಿ, "ಗೆದ್ದಿದ್ದು ಕುರಿ" ಅಂತ ನೆಟ್ಟಗೆ ಬರತ್ತೆ. ಆಟ ನಮ್ಮದು ಅಂದ್ಮೇಲೆ ಅಕ್ಷರ ಒಡೀಬಾರ್ದು. ಕೋಡ್ ಗೊಡೋದ್ದೇ ಭಾಷೆ ಜಿಡಿಸ್ಕ್ರಿಪ್ಟಲ್ಲಿ ಬರೀರಿ, ಗೊಡೋ 4ರಲ್ಲಿ ಸಿ ಶಾರ್ಪ್ ತಗೊಂಡ್ರೆ ಬ್ರೌಸರಲ್ಲಿ ಓಡೋ ಹಾಗೆ ಎಕ್ಸ್‌ಪೋರ್ಟ್ ಮಾಡೋಕಾಗಲ್ಲ, ಎಕ್ಸಾಮಿನರ್ ಫೋನಲ್ಲೇ ಲಿಂಕ್ ಒತ್ತಿ ಆಡೋ ಹಾಗಿದ್ರೆ ಎಷ್ಟು ಚೆನ್ನ!

ಓಪನ್ ವರ್ಲ್ಡ್ ಆಸೆ ಇರೋ ಇಬ್ಬರಿಗೆ ಒಂದು ಕೆಲಸ ಕೊಡಿ. ಪ್ರತಿ ಶನಿವಾರ ಗೇಮ್ ಗೊತ್ತೇ ಇಲ್ಲದ ಮೂರು ಜನರ ಕೈಗೆ ಇದನ್ನ ಕೊಟ್ಟು, ಏನೂ ಹೇಳಿಕೊಡದೆ ಸುಮ್ನೆ ನೋಡ್ತಾ ಕೂರ್ಬೇಕು. ಅವರು ಎಲ್ಲಿ ಸಿಕ್ಕಾಕೊಂಡ್ರು ಅನ್ನೋದೇ ಮುಂದಿನ ವಾರದ ಕೆಲಸ. ಬಾಯಿ ಮುಚ್ಕೊಂಡು ಕೂರೋದು ಕಷ್ಟ, ಆದ್ರೂ ಕೂರ್ಲಿ.

ಪ್ರಶ್ನೆ: ನಾನು ಬಿಸಿಎ, ಒಬ್ಬನೇ ಗೇಮ್ ಮಾಡ್ತಿದೀನಿ. ಚಿತ್ರ ಬರೆಯೋಕೆ ಬರಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕ್ಬಹುದಾ?
ಓದುಗ, ಹಾವೇರಿ

ಉತ್ತರ: ಹಾಡು ಬೇಡ, ಹಕ್ಕು ಬೇರೆಯವರದ್ದು, ನಾಳೆ ಗೇಮನ್ನ ಎಲ್ಲರಿಗೂ ಹಂಚೋಣ ಅಂದ್ರೆ ಕೈ ಕಟ್ಟತ್ತೆ. ಚಿತ್ರಕ್ಕೆ ಕೆನ್ನಿ ಅನ್ನೋ ಸೈಟಲ್ಲಿ ಸಿಸಿ0 ಲೈಸೆನ್ಸಿನ, ಅಂದ್ರೆ ಮಾಡಿದವರು ಹಕ್ಕು ಬಿಟ್ಟುಕೊಟ್ಟಿರೋ ಸಾವಿರಾರು ಚಿತ್ರ ಇದೆ, ಅನುಮತಿ ಕೇಳೋದೇ ಬೇಡ. ಓಪನ್‌ಗೇಮ್‌ಆರ್ಟಲ್ಲೂ ಸಿಗತ್ತೆ, ಅಲ್ಲಿ ಒಂದೊಂದಕ್ಕೆ ಒಂದೊಂದು ಲೈಸೆನ್ಸು, ಸಿಸಿ ಬೈ ಅಂತಿದ್ರೆ ಮಾಡಿದವರ ಹೆಸರು ಹಾಕ್ಲೇಬೇಕು. ಸೌಂಡನ್ನ ಮಾತ್ರ ನೀವೇ ರೆಕಾರ್ಡ್ ಮಾಡಿ. ರಾತ್ರಿ ಫ್ಯಾನ್ ಆಫ್ ಮಾಡಿ, ಫೋನ್ ಪಕ್ಕದಲ್ಲಿಟ್ಟು, ಒಂದು ಹಿಡಿ ಹುಣಸೆಬೀಜ ಮರದ ಮಣೆ ಮೇಲೆ ಚೆಲ್ಲಿ ನೋಡಿ.