ಮೂರು ದಾರಿ, ಒಂದು ಸೈಕಲ್

ಪ್ರಶ್ನೆ: ಮೇಡಂ, ಮುಂದಿನ ತಿಂಗಳಿಂದ ನಾನು ಹಳ್ಳಿಯಿಂದ ಪೇಟೆಗೆ ದಿನಾ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಬೇಕು. ಪೇಟೆ ಇರುವುದು ಪೂರ್ವಕ್ಕೆ. ಮೂರು ದಾರಿಗಳಿವೆ. ಮುಖ್ಯ ರಸ್ತೆ 11 ಕಿ.ಮೀ., ಸಮತಟ್ಟು, ಆದರೆ ಲಾರಿ ಬಸ್ಸುಗಳು ಜಾಸ್ತಿ. ದಿಬ್ಬದ ರಸ್ತೆ 9 ಕಿ.ಮೀ., ಜನವೇ ಇರುವುದಿಲ್ಲ. ಆದರೆ ನಮ್ಮ ಕಡೆಯಿಂದ 2 ಕಿ.ಮೀ. ಕಡಿದಾದ ಏರು. ನೆತ್ತಿ 100 ಮೀಟರ್ ಎತ್ತರ ಅಂತ ಫೋನ್ ತೋರಿಸುತ್ತದೆ. ಆಚೆ ಪೇಟೆ ಕಡೆಗೆ 4 ಕಿ.ಮೀ. ನಿಧಾನ ಇಳಿಜಾರು. ಮೂರನೆಯದು ಕಾಲುವೆ ಏರಿ, 14 ಕಿ.ಮೀ. ಮಣ್ಣುದಾರಿ. ಮುಖ್ಯ ರಸ್ತೆ 6ನೇ ಕಿ.ಮೀ. ಹತ್ತಿರ ಈ ಕಾಲುವೆಯನ್ನು ದಾಟುತ್ತದೆ. ಅಲ್ಲಿಂದ ಏರಿ ಮೇಲೆ ಪೇಟೆಗೆ 7 ಕಿ.ಮೀ. ನನ್ನದು ಗೇರ್ ಇಲ್ಲದ ಸೈಕಲ್. ಬೆಳಿಗ್ಗೆ 9ಕ್ಕೆ ಅಲ್ಲಿರಬೇಕು, ಸಂಜೆ 5ಕ್ಕೆ ಬಿಡುತ್ತಾರೆ. ಮನೆಯವರೆಲ್ಲ ದಿಬ್ಬದ ದಾರಿಯೇ ಹತ್ತಿರ ಅನ್ನುತ್ತಾರೆ. ಯಾವುದರಲ್ಲಿ ಹೋಗಲಿ?

ಉತ್ತರ: ಮನೆಯವರಲ್ಲಿ ಆ ಏರನ್ನು ಸೈಕಲ್‌ನಲ್ಲಿ ಹತ್ತಿದವರು ಎಷ್ಟು ಜನ? ಸುಮ್ನೆ ಕೇಳಿದೆ. ನಾನು 22 ವರ್ಷ ಹೀಗೆಯೇ ಕೆಲಸಕ್ಕೆ ಸೈಕಲ್ ತುಳಿದವಳು. ದಾರಿ ಹೇಳಿಕೊಟ್ಟವರಲ್ಲಿ ಮುಕ್ಕಾಲು ಪಾಲು ಜನ ಮೋಟಾರ್ ಬೈಕ್‌ನವರು.

ಮೊದಲು ಕಿ.ಮೀ. ಬಿಡಿ, ನಿಮಿಷ ಹಿಡಿಯಿರಿ. ಗೇರ್ ಇಲ್ಲದ ಸೈಕಲ್ ಸಮತಟ್ಟಿನಲ್ಲಿ ಗಂಟೆಗೆ 16 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಳ್ಳೋಣ. ಮುಖ್ಯ ರಸ್ತೆಗೆ 41 ನಿಮಿಷ ಬೇಕು. ದಿಬ್ಬದ ಏರಿನಲ್ಲಿ 8ರ ವೇಗ ಸಿಕ್ಕರೆ ಅದೇ ಹೆಚ್ಚು. ಆ 2 ಕಿ.ಮೀ.ಗೇ 15 ನಿಮಿಷ. ಇಳಿಜಾರಿಗೆ 10, ಉಳಿದ ಸಮತಟ್ಟಿಗೆ 11. ಒಟ್ಟು 36. ಉಳಿದದ್ದು ಐದೇ ನಿಮಿಷ. ಅದೂ ಸೀಟಿನಿಂದ ಎದ್ದು ನಿಂತು ತುಳಿದರೆ. ಇಳಿದು ತಳ್ಳಿಕೊಂಡು ಹೋದರೆ ಏರಿಗೇ 24 ನಿಮಿಷ, ಒಟ್ಟು 45. ಹತ್ತಿರದ ದಾರಿ ದೂರವಾಯಿತು. ನೀವೂ ಸೈಕಲ್ಲೂ ಸೇರಿ 85 ಕಿಲೋ ಇದ್ದರೆ, ಅಷ್ಟನ್ನೂ ದಿನಾ ಬೆಳಿಗ್ಗೆ ಮೂವತ್ತು ಮಹಡಿಯಷ್ಟು ಎತ್ತರಕ್ಕೆ ಎತ್ತಿದ ಹಾಗೆ. ಮೈಯೆಲ್ಲ ಬೆವರಾಗಿ ಕೆಲಸಕ್ಕೆ ಕೂರುವುದು ನನಗಂತೂ ಆಗದ ಮಾತು.

ಹಾಗಾದರೆ ಮುಖ್ಯ ರಸ್ತೆಯೇ? ಇಲ್ಲಿ ಒಂದು ವಿಷಯವಿದೆ, ಪೇಟೆ ಪೂರ್ವಕ್ಕಿದೆ ಅಂತ ನೀವು ಬರೆದದ್ದು ಒಳ್ಳೆಯದಾಯಿತು. ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಬರುವಾಗಲೂ ಎದುರಿಗೆ. ನಿಮ್ಮ ಕಣ್ಣಿಗೆ ಹೊಡೆಯುವುದು ದೊಡ್ಡದಲ್ಲ. ನಿಮ್ಮ ಹಿಂದಿನಿಂದ ಬರುವ ಡ್ರೈವರ್ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತದಲ್ಲ, ಅದು ದೊಡ್ಡದು. ನಾನು ಕೆಲಸ ಮಾಡುತ್ತಿದ್ದ ಜಾಗವೂ ಮನೆಗೆ ಪೂರ್ವಕ್ಕೇ ಇತ್ತು. ಒಂದು ಬೆಳಿಗ್ಗೆ ಮಿನಿ ಬಸ್ಸೊಂದರ ಕನ್ನಡಿ ನನ್ನ ಮೊಣಕೈಗೆ ತಾಗಿಕೊಂಡು ಹೋಯಿತು. ಡ್ರೈವರ್ ಗಾಡಿ ನಿಲ್ಲಿಸಿ ಓಡಿ ಬಂದ. ಅವನ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. 'ಅಕ್ಕಾ, ನೀವು ಕಾಣಲೇ ಇಲ್ಲ' ಅಂದ. ಸುಳ್ಳು ಹೇಳುತ್ತಿರಲಿಲ್ಲ. ನಾನು ಹಾಕಿಕೊಂಡಿದ್ದದ್ದು ಹಳದಿ ಅಂಗಿ.

ಗಂಟೆಗೆ 40ರಲ್ಲಿ ಬರುವ ಗಾಡಿಗಿಂತ 80ರಲ್ಲಿ ಬರುವ ಅದೇ ಗಾಡಿಯ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗಂತ ಇಡೀ 11 ಕಿ.ಮೀ. ಒಂದೇ ತರಹ ಇರುವುದಿಲ್ಲ. ಸಾಮಾನ್ಯವಾಗಿ ಪೇಟೆ ಹತ್ತಿರವಾದಂತೆ ಬೇರೆ ರಸ್ತೆಗಳು ಬಂದು ಸೇರುತ್ತವೆ, ಗಾಡಿಗಳು ಹೆಚ್ಚುತ್ತವೆ. ಒಂದು ಕೆಲಸ ಮಾಡಿ. ಕೆಲಸದ ದಿನವೇ, ಬೆಳಿಗ್ಗೆ ಎಂಟರ ಹೊತ್ತಿಗೆ, ಕಾಲುವೆ ದಾಟುವ ಕಡೆ ಹತ್ತು ನಿಮಿಷ ನಿಂತು ಲಾರಿ ಬಸ್ಸು ಎಣಿಸಿ. ಆಮೇಲೆ ಪೇಟೆ ಅಂಚಿನಲ್ಲಿ ಹತ್ತು ನಿಮಿಷ. ಭಾನುವಾರ ಹೋಗಿ ನೋಡಿಕೊಂಡು ಬರಬೇಡಿ. ಭಾನುವಾರ ಎಲ್ಲ ರಸ್ತೆಯೂ ಒಳ್ಳೆಯದೇ.

ಊರ ಕಡೆಯ 6 ಕಿ.ಮೀ. ಸುಮಾರಾಗಿದ್ದು, ಪೇಟೆ ಕಡೆ ಕೆಟ್ಟದಾಗಿದ್ದರೆ, ಬೆಳಿಗ್ಗೆ ಎರಡನ್ನೂ ಸೇರಿಸಿಬಿಡಿ. ಕಾಲುವೆವರೆಗೆ ಡಾಂಬರು, 23 ನಿಮಿಷ. ಅಲ್ಲಿ ಇಳಿದು ಏರಿ ಹಿಡಿಯಿರಿ. ಮಣ್ಣಿನಲ್ಲಿ 12ರ ವೇಗ ಅಂದರೂ 35 ನಿಮಿಷ. ಒಟ್ಟು 58. ಮನೆಯಿಂದಲೇ ಏರಿ ಹಿಡಿದಿದ್ದರೆ 70 ಆಗುತ್ತಿತ್ತು. ಎಂಟಕ್ಕೆ ಐದು ನಿಮಿಷ ಇರುವಾಗ ಹೊರಡಿ. ಟಯರಿಗೆ ಕಲ್ಲಿನಂತೆ ಗಾಳಿ ತುಂಬಬೇಡಿ. ಸ್ವಲ್ಪ ಮೆತ್ತಗಿದ್ದರೆ ಮಣ್ಣಿನಲ್ಲಿ ಬೆನ್ನಿಗೆ ಸುಖ.

ಸಂಜೆಗೆ ಬೇರೆ ದಾರಿ. ಹೋದ ದಾರಿಯಲ್ಲೇ ಬರಬೇಕು ಅಂತ ಯಾರು ಹೇಳಿದ್ದು? ದಿಬ್ಬವನ್ನು ಪೇಟೆ ಕಡೆಯಿಂದ ಹತ್ತಿದರೆ ಅದೇ 100 ಮೀಟರ್ 4 ಕಿ.ಮೀ.ಗೆ ಹಂಚಿಹೋಗುತ್ತದೆ. ಕೂತುಕೊಂಡೇ ತುಳಿಯಬಹುದು. ಬೆವರಿದರೂ ಹೋಗುವುದು ಮನೆಗೆ ತಾನೇ. ಬಿಸಿಲು ಎದುರಿಗಿದ್ದರೂ ಹಿಂದಿನಿಂದ ಬರುವ ಗಾಡಿಗಳು ಕಡಿಮೆ. ಎಚ್ಚರ ಬೇಕಾದ್ದು ಊರ ಕಡೆಯ 2 ಕಿ.ಮೀ. ಇಳಿತದಲ್ಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ರಿಮ್ ಒದ್ದೆಯಾಗಿದ್ದರೆ ಬ್ರೇಕ್ ಹಿಡಿಯುವುದೇ ತಡ. ಮೇಲಿನಿಂದಲೇ ಬಿಟ್ಟು ಬಿಟ್ಟು ಹಿಡಿಯುತ್ತ ಬನ್ನಿ. ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಡೈನಮೋ ದೀಪ ಒಂದೇ ಸಾಲದು. ಸಾಧಾರಣ ಡೈನಮೋ ಆದರೆ ಚಕ್ರ ನಿಂತ ಕೂಡಲೇ ಅದೂ ಆರುತ್ತದೆ. ಹಿಂದೆ ಬ್ಯಾಟರಿಯ ಕೆಂಪು ದೀಪ ಹಾಕಿಸಿ. ಕತ್ತಲಲ್ಲಿ ಕಾಲುವೆ ಏರಿ ಮಾತ್ರ ಬೇಡವೇ ಬೇಡ. ಒಂದು ಕಡೆ ನೀರು, ಒಂದು ಕಡೆ ಕೊರಕಲು.

ಮಳೆ ಬಂದ ಮರುದಿನವೂ ಏರಿ ದಾರಿ ಬೇಡ. ಜಿಗುಟು ಮಣ್ಣು ಟಯರಿಗೂ ಮಡ್‌ಗಾರ್ಡಿಗೂ ಮಧ್ಯೆ ಸೇರಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಒಮ್ಮೆ ನಾನು ಕಡ್ಡಿಯಲ್ಲಿ ಕೆರೆದು ಕೆರೆದು ಸಾಕಾಗಿ ಸೈಕಲನ್ನೇ ಹೆಗಲಿಗೇರಿಸಿಕೊಂಡು ಒಂದು ಮೈಲಿ ನಡೆದಿದ್ದೇನೆ. ಅಂಥ ದಿನ ಮುಖ್ಯ ರಸ್ತೆಯೇ ಗತಿ. ಏಳಕ್ಕೇ ಹೊರಟುಬಿಡಿ, ಗಾಡಿಗಳು ಶುರುವಾಗುವ ಮೊದಲೇ ತಲುಪಿರುತ್ತೀರಿ.

ಪ್ರಶ್ನೆ: ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿ ಬೆನ್ನಿಗೆ. ಒಟ್ಟು ಲೆಕ್ಕ ಸಮ ಆಗಬೇಕು ಅಲ್ವಾ?

ಉತ್ತರ: ಆಗುವುದಿಲ್ಲ. 10 ಕಿ.ಮೀ. ದಾರಿ ಅಂದುಕೊಳ್ಳಿ. ಗಾಳಿ ಇಲ್ಲದ ದಿನ 15ರ ವೇಗದಲ್ಲಿ ಹೋಗಿ ಬರಲು 80 ನಿಮಿಷ. ಗಾಳಿಯ ದಿನ ಹೋಗುವಾಗ 10, ಬರುವಾಗ 20ರ ವೇಗ ಸಿಕ್ಕಿತು ಅಂದರೆ 60 ಮತ್ತು 30, ಒಟ್ಟು 90. ಕಷ್ಟದ ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಸುಖದ ದಾರಿ ಬೇಗ ಮುಗಿದುಹೋಗುತ್ತದೆ. ಮರಗಳ ಸಾಲು ಇರುವ ದಾರಿ ಇದ್ದರೆ ಅಂಥ ದಿನ ಒಂದು ಕಿ.ಮೀ. ಸುತ್ತಾದರೂ ಅದರಲ್ಲೇ ಹೋಗಿ.