ಎರಡನೇ ಬೇಸಿನಲ್ಲಿ ನಿಂತು ಹೆಲ್ಮೆಟ್ ಮುಟ್ಟಿದ ಹುಡುಗಿ

(ಹೆಸರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಶನಿವಾರ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವು. ಮಕ್ಕಳ ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು. ಅಮೆರಿಕದಲ್ಲಿ ನೆಲೆಸಿರುವ ಈ ಕನ್ನಡ ಕುಟುಂಬದ ತಾಯಿ ಸಲಹೆ ಕೇಳಿ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟು: ಮಗಳಿಗೆ 12 ವರ್ಷ, ಸಾಫ್ಟ್‌ಬಾಲ್ ಅಂದ್ರೆ ಪ್ರಾಣ, ಈಗ ಮ್ಯಾಚ್ ಇದ್ದ ದಿನ ಬಾತ್‌ರೂಮಿನಿಂದ ಹೊರಗೇ ಬರುವುದಿಲ್ಲ. ಹುಡುಗಿಯನ್ನು ಮೇಘಾ ಎಂದು ಕರೆಯೋಣ.

ಮೇಘಾ ಆಟದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿದಳು. ಹೊಟ್ಟೆಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಸರಿ, ಆಟದ ದಾರಿಯಲ್ಲೇ ಹೋಗೋಣ ಎಂದುಕೊಂಡು ಒಂದೊಂದೇ ಕೇಳುತ್ತಾ ಹೋದೆ. ಬ್ಯಾಟ್ ಹೇಗೆ ಹಿಡೀತೀಯಾ, ಮೊದಲ ಬೇಸ್ ತಲುಪಿದ ಮೇಲೆ ಏನು ಮಾಡ್ತೀಯಾ, ಎರಡನೇ ಬೇಸಿನಲ್ಲಿ? ಅಲ್ಲಿ ಮಾತು ನಿಂತಿತು.

"ಅದು ಟೀಮ್ ಸೀಕ್ರೆಟ್, ಆಂಟಿ."

ಕ್ರಿಕೆಟ್ ನೋಡಿ ಬೆಳೆದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬೇಸ್‌ಬಾಲ್ ಮತ್ತು ಅದರದೇ ಇನ್ನೊಂದು ರೂಪವಾದ ಸಾಫ್ಟ್‌ಬಾಲ್‌ನಲ್ಲಿ ಚೆಂಡು ಹೊಡೆದವರು ಒಂದೊಂದೇ ಬೇಸ್ ದಾಟುತ್ತಾ ಓಡಬೇಕು. ಸಾಮಾನ್ಯವಾಗಿ ಮುಂದಿನ ಎಸೆತ ಯಾವುದು ಎಂಬುದನ್ನು ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಬೆರಳು ತೋರಿಸಿ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವಳಿಗೆ, ತಿಳಿಸುತ್ತಾಳೆ. ಬ್ಯಾಟರ್‌ಗೆ ಅದು ಕಾಣುವುದಿಲ್ಲ. ಆದರೆ ಎರಡನೇ ಬೇಸ್ ಇರುವುದು ಪಿಚರ್ ಬೆನ್ನ ಹಿಂದೆ. ಅಲ್ಲಿಗೆ ಓಡಿ ಬಂದು ನಿಂತ ಎದುರು ತಂಡದ ಹುಡುಗಿಗೆ ಆ ಬೆರಳುಗಳು ಕಾಣುತ್ತವೆ. ಅವಳು ಬ್ಯಾಟರ್‌ಗೂ ಕಾಣುತ್ತಾಳೆ.

ಮೇಘಾಳ ಕಣ್ಣು ತುಂಬಾ ಚುರುಕು. ಯಾವ ಬೆರಳಿಗೆ ಯಾವ ಎಸೆತ ಎಂಬುದನ್ನು ಒಂದೆರಡು ಇನ್ನಿಂಗ್ಸ್‌ನಲ್ಲೇ ಕಂಡುಹಿಡಿಯುತ್ತಿದ್ದಳು. ಇದನ್ನು ಗಮನಿಸಿದ ಕೋಚ್ ಅವಳಿಗೊಂದು ಕೆಲಸ ಕೊಟ್ಟರು. ಚೇಂಜಪ್ ಬರುವುದಾದರೆ ಹೆಲ್ಮೆಟ್ ಮುಟ್ಟು, ಇಲ್ಲವಾದರೆ ಮೊಣಕಾಲ ಮೇಲೆ ಕೈ ಇಟ್ಟುಕೊಂಡಿರು. ಚೇಂಜಪ್ ಎಂದರೆ ತೋಳು ಬೀಸುವ ವೇಗ ಅದೇ, ಚೆಂಡು ಮಾತ್ರ ನಿಧಾನ. ಗೊತ್ತಿಲ್ಲದವಳು ಬೇಗ ಬ್ಯಾಟ್ ಬೀಸಿ ತಪ್ಪುತ್ತಾಳೆ. ಗೊತ್ತಿದ್ದವಳು ಕಾದು ಹೊಡೆಯುತ್ತಾಳೆ. ತಂಡ ಗೆಲ್ಲತೊಡಗಿತು. ಕೋಚ್ ಎಲ್ಲರ ಮುಂದೆ ಅವಳನ್ನು ಹೊಗಳಿದರು. ಅಪ್ಪ ಹಿಗ್ಗಿದರು.

ಒಂದು ಶನಿವಾರ ಎದುರು ತಂಡದಲ್ಲಿ ಪಿಚ್ ಮಾಡಲು ಬಂದವಳು ಮೇಘಾಳ ಶಾಲೆಯ ಗೆಳತಿ. ಚಳಿಗಾಲವಿಡೀ ಮನೆಯ ಗ್ಯಾರೇಜಿನಲ್ಲಿ ಚೇಂಜಪ್ ಕಲಿತವಳು. ಮೇಘಾ ಹೆಲ್ಮೆಟ್ ಮುಟ್ಟಿದಾಗಲೆಲ್ಲ ಆ ಎಸೆತಕ್ಕೆ ಹೊಡೆತ ಬಿತ್ತು. ಮೂರನೇ ಇನ್ನಿಂಗ್ಸ್‌ನಲ್ಲಿ ಗೆಳತಿಯನ್ನು ಹೊರಗೆ ಕರೆಸಿದರು. ಅವಳು ಅತ್ತಳು. ಅದನ್ನೂ ಮೇಘಾ ಹೇಗೋ ತಡೆದುಕೊಂಡಳು, ಆಟದಲ್ಲಿ ಅಳು ಇದ್ದದ್ದೇ. ತಡೆಯಲಾಗದ್ದು ನಡೆದಿದ್ದು ಸೋಮವಾರ ಊಟದ ಹೊತ್ತಿನಲ್ಲಿ. "ನನ್ನ ಚೇಂಜಪ್ ಸರಿ ಇಲ್ಲ, ಇನ್ಮೇಲೆ ಹಾಕಲ್ಲ" ಎಂದಳು ಗೆಳತಿ.

ಚೇಂಜಪ್ ಸರಿಯಾಗಿಯೇ ಇತ್ತು. ಅದು ಗೊತ್ತಿದ್ದವಳು ಮೇಘಾ. ಹೇಳುವಂತಿಲ್ಲ. ಹೇಳಿದರೆ ತಂಡಕ್ಕೆ ದ್ರೋಹ, ಹೇಳದಿದ್ದರೆ ಗೆಳತಿಗೆ. ಮುಂದಿನ ಶನಿವಾರದಿಂದ ಹೊಟ್ಟೆನೋವು ಶುರು.

ತಂದೆ ತಾಯಿಯನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿದೆ. ಏನು ಹೇಳಬಹುದು, ಏನು ಬೇಡ ಎಂದು ಮೇಘಾಳನ್ನು ಕೇಳಿಕೊಂಡೇ ಹೋಗಿದ್ದೆ. ಅಪ್ಪ ವಾದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಎರಡನೇ ಬೇಸಿನಿಂದ ಬರಿಗಣ್ಣಲ್ಲಿ ನೋಡಿ ಸುಳಿವು ಕೊಡುವುದು ನಿಯಮಕ್ಕೆ ವಿರುದ್ಧವಲ್ಲ ಎಂದರು. 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ದೂರದರ್ಶಕ ಇಟ್ಟು ಕ್ಯಾಚರ್‌ನ ಸಂಕೇತ ನೋಡಿತ್ತಂತೆ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಕ್ಯಾಮೆರಾದಿಂದ ಸಂಕೇತ ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸಿತು. 2020ರ ಜನವರಿಯಲ್ಲಿ ಲೀಗ್ 50 ಲಕ್ಷ ಡಾಲರ್ ದಂಡ ಹಾಕಿತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಇಬ್ಬರನ್ನೂ ಒಂದು ವರ್ಷ ಅಮಾನತು ಮಾಡಿತು. "ಅದೆಲ್ಲ ಯಂತ್ರ ಬಳಸಿದ್ದಕ್ಕೆ. ನನ್ನ ಮಗಳ ಹತ್ತಿರ ಕ್ಯಾಮೆರಾ ಇದ್ಯಾ?"

ಅಮ್ಮ ಅಷ್ಟೂ ಹೊತ್ತು ಸುಮ್ಮನಿದ್ದರು. "2017ರಲ್ಲಿ ಚಿನ್ನಸ್ವಾಮಿಯಲ್ಲಿ ಸ್ಟೀವ್ ಸ್ಮಿತ್ ಡಿಆರ್‌ಎಸ್‌ಗೆ ಡ್ರೆಸಿಂಗ್ ರೂಮ್ ಕಡೆ ನೋಡಿದಾಗ ಟಿವಿ ಮುಂದೆ ಎಷ್ಟು ಕೂಗಾಡಿದ್ರಿ, ನೆನಪಿದ್ಯಾ?"

"ಅದು ನಿಯಮಕ್ಕೆ ವಿರುದ್ಧ ಕಣೇ. ಇದು ಅಲ್ಲ."

ಅವರ ಮಾತು ಸರಿಯೇ. ಹಾಗಾಗಿ ನಾನೂ ನಿಯಮದ ಕಡೆಯಿಂದಲೇ ಕೇಳಿದೆ. ಮಗಳ ಲೀಗ್‌ನ ನಿಯಮ ಪುಸ್ತಕ ಓದಿದ್ದೀರಾ? ಇಬ್ಬರೂ ಓದಿರಲಿಲ್ಲ. ದೊಡ್ಡವರ ಆಟದ ನಿಯಮ ಮಕ್ಕಳ ಆಟಕ್ಕೆ ಹಾಗೇ ಬರುವುದಿಲ್ಲ. ಲಿಟಲ್ ಲೀಗ್ ಬೇಸ್‌ಬಾಲ್ ನಿಯಮ, ಹೀಗೆ ಸಂಕೇತ ಕದ್ದು ಬ್ಯಾಟರ್‌ಗೆ ದಾಟಿಸುವುದು ಕ್ರೀಡಾ ಮನೋಭಾವಕ್ಕೆ ಸಲ್ಲದ ನಡತೆ ಎಂದೇ ಹೇಳುತ್ತದೆ. ಅಂಪೈರ್‌ಗೆ ಹಾಗನ್ನಿಸಿದರೆ ಬೇಸಿನಲ್ಲಿರುವವರನ್ನೂ ಬ್ಯಾಟರ್‌ನನ್ನೂ ಹೊರಗೆ ಕಳಿಸಬಹುದು, ಮ್ಯಾನೇಜರ್‌ನನ್ನೂ ಕಳಿಸಬಹುದು. ಮೇಘಾಳ ತಂಡ ಲಿಟಲ್ ಲೀಗ್‌ನದಲ್ಲ, ಊರೂರು ತಿರುಗಿ ಆಡುವ ಖಾಸಗಿ ತಂಡ. ಇಂಥ ಟೂರ್ನಿಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು. ಕೇಳಿ ತಿಳಿಯಬೇಕು.

ಆದರೆ ನಿಯಮ ಬಿಡಿಸಿದ ಮಾತ್ರಕ್ಕೆ ಹೊಟ್ಟೆನೋವು ಹೋಗುವುದಿಲ್ಲ. ಎದುರಾಳಿಯನ್ನು ಓದುವುದೂ ಆಟವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಲೆಗ್‌ಸ್ಪಿನ್ನರ್‌ನ ಮಣಿಕಟ್ಟು ನೋಡಿ ಗೂಗ್ಲಿ ಗುರುತಿಸುವ ಬ್ಯಾಟರ್‌ನನ್ನು ಯಾರೂ ಬೈಯುವುದಿಲ್ಲ. ಅದು ಅವನ ಕಣ್ಣು, ಅವನ ವಿಕೆಟ್, ಅವನ ಅಪಾಯ. ಇಲ್ಲಿ ನಡೆದದ್ದು ಬೇರೆ. ಈ ವಯಸ್ಸಿನ ಎಷ್ಟೋ ತಂಡಗಳಲ್ಲಿ ಯಾವ ಎಸೆತ ಹಾಕಬೇಕೆಂದು ಪಿಚರ್ ತೀರ್ಮಾನಿಸುವುದೇ ಇಲ್ಲ, ಕ್ಯಾಚರ್ ಕೂಡ ಅಲ್ಲ. ಅಂಚಿನಲ್ಲಿ ಕೂತ ಕೋಚ್ ಹೇಳಿದ್ದನ್ನು ಕ್ಯಾಚರ್ ದಾಟಿಸುತ್ತಾಳೆ, ಅಷ್ಟೇ. ಆ ಕಡೆ ಕೋಚ್ ಯೋಚಿಸಿದ್ದನ್ನು ಈ ಕಡೆ ಕೋಚ್ ಕದಿಯುತ್ತಾರೆ. ಇಬ್ಬರು ದೊಡ್ಡವರ ಪೈಪೋಟಿ. ನಡುವೆ 40 ಅಡಿ ದೂರದಲ್ಲಿ ಇಬ್ಬರು ಹುಡುಗಿಯರು. ಅಷ್ಟು ಹತ್ತಿರದಿಂದ, ಎಸೆತ ಮೊದಲೇ ಗೊತ್ತಿದ್ದವಳು ಬಲವಾಗಿ ಹೊಡೆದ ಚೆಂಡು ಪಿಚರ್ ಮುಖಕ್ಕೇ ಬರಬಹುದು. ಎಷ್ಟೋ ಪಿಚರ್‌ಗಳು ಮುಖಕ್ಕೆ ಕಂಬಿಯ ಮಾಸ್ಕ್ ಹಾಕುವುದು ಸುಮ್ನೆ ಅಲ್ಲ.

ಅಪ್ಪನಿಗೆ ಇನ್ನೊಂದು ವಿಷಯ ಹೇಳಿದೆ. ಆಸ್ಟ್ರೋಸ್ ಕಥೆಯಲ್ಲಿ ಎಲ್ಲರಿಗೂ ಡಬ್ಬಿ ನೆನಪಿದೆ, ಮೈಕ್ ಬೋಲ್ಸಿಂಗರ್ ನೆನಪಿರುವವರು ಕಡಿಮೆ. 2017ರ ಆಗಸ್ಟ್ 4ರಂದು ಹ್ಯೂಸ್ಟನ್‌ನಲ್ಲಿ ಅವರು ಟೊರಾಂಟೊ ಪರ ಪಿಚ್ ಮಾಡಲು ಬಂದರು. ಒಬ್ಬ ಬ್ಯಾಟರ್‌ನನ್ನು ಔಟ್ ಮಾಡುವಷ್ಟರಲ್ಲಿ 4 ರನ್ ಹೋಗಿತ್ತು. ತಂಡ ಅವರನ್ನು ಕೆಳಗಿನ ಲೀಗಿಗೆ ಕಳಿಸಿತು. ಮೇಜರ್ ಲೀಗ್‌ನಲ್ಲಿ ಮತ್ತೆ ಅವರಿಗೆ ಅವಕಾಶ ಸಿಗಲಿಲ್ಲ. ಹಗರಣ ಬಯಲಾದ ಮೇಲೆ 2020ರಲ್ಲಿ ಅವರು ಆಸ್ಟ್ರೋಸ್ ಮೇಲೆ ಮೊಕದ್ದಮೆ ಹೂಡಿದರು. ಸೋತವರಿಗೆ ಯಾಕೆ ಸೋತೆ ಎಂಬುದೇ ತಪ್ಪಾಗಿ ಗೊತ್ತಿರುತ್ತದೆ. ಕಲಿಯುವ ವಯಸ್ಸಿನಲ್ಲಿ ಇದಕ್ಕಿಂತ ಕೆಟ್ಟ ಪಾಠ ಯಾವುದಿದೆ? ಆ ಗೆಳತಿ ಬಿಟ್ಟುಬಿಡಲು ಹೊರಟಿದ್ದು ತನ್ನ ಅತ್ಯುತ್ತಮ ಎಸೆತವನ್ನು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಒಪ್ಪಿದರು ಎಂದು ನಾನು ಹೇಳುವುದಿಲ್ಲ.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ತಂದೆ ತಾಯಿಗೆ. ಇದನ್ನು ಮಗಳ ತಪ್ಪೊಪ್ಪಿಗೆ ಮಾಡಬೇಡಿ ಎಂದೆ. ಅವಳು ಕೋಚ್ ಹೇಳಿದ್ದನ್ನು ಮಾಡಿದ್ದಾಳೆ. 12 ವರ್ಷದವಳು ಕೋಚ್‌ಗೆ ಇಲ್ಲ ಎನ್ನುವುದು ಸುಲಭವಲ್ಲ, ಅದರಲ್ಲೂ ಅಪ್ಪ ಚಪ್ಪಾಳೆ ತಟ್ಟುತ್ತಿರುವಾಗ. ಆದ್ದರಿಂದ ಕೋಚ್ ಜೊತೆ ಮಾತಾಡಬೇಕಾದವರು ನೀವು, ಅವಳಲ್ಲ. ಮ್ಯಾಚ್ ಮುಗಿದ ಬಿಸಿಯಲ್ಲಿ ಬೇಡ, ವಾರದ ನಡುವೆ ಫೋನ್ ಮಾಡಿ. ಆರೋಪ ಬೇಡ. ಎರಡೇ ಮಾತು: ಟೂರ್ನಿಯ ನಿಯಮ ಏನು ಹೇಳುತ್ತದೆ, ಮತ್ತು ನಮ್ಮ ಮಗಳಿಗೆ ಈ ಕೆಲಸ ಬೇಡ. ಇಷ್ಟಕ್ಕೇ ಅವಳ ಜಾಗ ಹೋಗುವುದಾದರೆ ಆ ತಂಡದ ಬಗ್ಗೆ ನಿಮಗೆ ತಿಳಿಯಬೇಕಾದ್ದು ತಿಳಿದ ಹಾಗಾಯಿತು.

ತಾಯಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಮನೆಯಲ್ಲಿ "ಕಳ್ಳತನ" ಎಂಬ ಪದ ಸ್ವಲ್ಪ ದಿನ ಬೇಡ. ಅವಳು ಈಗಾಗಲೇ ಆ ಪದವನ್ನು ತನ್ನ ಮೇಲೆ ಜಾಸ್ತಿ ಸಲ ಹೇಳಿಕೊಂಡಿದ್ದಾಳೆ.

ಮೇಘಾ ಕೇಳಿದ್ದು ಒಂದೇ. "ಅವಳಿಗೆ ಹೇಳ್ಬೇಕಾ?" ಹೇಳಲೇಬೇಕು ಎಂದು ನಾನು ಒತ್ತಾಯಿಸಲಿಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗಬಹುದು ಎಂದು ಇಬ್ಬರೂ ಕೂತು ಬರೆದೆವು. ಗೆಳೆತನ ಮುರಿಯಬಹುದು ಎಂಬುದನ್ನೂ ಬರೆದೆವು. ಕೊನೆಗೆ ಅವಳೇ ಒಂದು ವಾಕ್ಯ ಆರಿಸಿಕೊಂಡಳು: "ನಿನ್ನ ಚೇಂಜಪ್ ಚೆನ್ನಾಗಿದೆ. ನಮಗೆ ಅದು ಮೊದಲೇ ಗೊತ್ತಾಗ್ತಿತ್ತು." ಬೇರೆ ಹುಡುಗಿಯರ ಹೆಸರು ಹೇಳುವುದಿಲ್ಲ ಎಂದೂ ತೀರ್ಮಾನಿಸಿದಳು. ನನಗೆ ಅದು ಸರಿ ಎನಿಸಿತು.

ಹೇಳಿದಳು. ಗೆಳತಿ ನಕ್ಕುಬಿಟ್ಟಳಂತೆ. "ನಮ್ಮ ಕೋಚ್ ಕೂಡ ಅದನ್ನೇ ಮಾಡಿಸ್ತಾರೆ" ಅಂದಳಂತೆ. ಆಮೇಲೆ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಊಟಕ್ಕೆ ಪಕ್ಕದಲ್ಲೇ ಬಂದು ಕೂತಳು. ಮೇಘಾಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. "ಹಾಗಾದ್ರೆ ಎಲ್ಲಾ ದೊಡ್ಡವರೂ ಮಾಡ್ತಾರಾ ಆಂಟಿ?" ಎಂದು ಜೋರಾಗಿ ಕೇಳಿದಳು. ಆ ಸಿಟ್ಟನ್ನು ನಾನು ಒಳ್ಳೆಯ ಲಕ್ಷಣ ಎಂದೇ ತೆಗೆದುಕೊಂಡೆ. ಅಲ್ಲಿಯವರೆಗೆ ಅದು ಅವಳ ಮೇಲೆಯೇ ತಿರುಗಿತ್ತು.

ಕೋಚ್ ಫೋನಿನಲ್ಲಿ ಚುಟುಕಾಗಿ "ಸರಿ, ಅವಳಿಗೆ ಬೇಡ ಅಂದ್ರೆ ಬೇಡ" ಎಂದರು. ಆ ಕೆಲಸ ಬೇರೊಬ್ಬಳಿಗೆ ಹೋಯಿತು. ಬ್ಯಾಟಿಂಗ್ ಸಾಲಿನಲ್ಲಿ ಮೇಘಾ ಕೆಳಗೆ ಇಳಿದಳು. ಇದೇ ಕಾರಣಕ್ಕೋ ಅಲ್ಲವೋ, ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೊಟ್ಟೆನೋವು ಕಡಿಮೆಯಾಗಿದೆ, ದೊಡ್ಡ ಟೂರ್ನಿ ಇದ್ದಾಗ ಮತ್ತೆ ತಲೆ ಎತ್ತುತ್ತದೆ. ಈಗ ಅಪ್ಪನೇ ಟೂರ್ನಿಯವರಿಗೆ ಇಮೇಲ್ ಬರೆದು ನಿಯಮ ಕೇಳಿದ್ದಾರೆ. ಉತ್ತರ ಬಂದಿಲ್ಲ. ಮುಂದಿನ ಸೀಸನ್ ಇದೇ ತಂಡದಲ್ಲೋ ಬೇರೆಯದರಲ್ಲೋ ಎಂಬುದನ್ನು ಮೇಘಾಳೇ ತೀರ್ಮಾನಿಸಲಿ ಎಂದು ಮೂವರೂ ಒಪ್ಪಿಕೊಂಡಿದ್ದಾರೆ. ಆಯ್ಕೆಯ ಆಟ ನಡೆಯುವುದು ಬೇಸಿಗೆ ಮುಗಿದ ಮೇಲೆ.